ಈರಪ್ಪಣ್ಣನನ್ನು ಮಗ್ಗದಿಂದ ಎಬ್ಬಿಸಿದವನು ನಾನು

ಗಜೇಂದ್ರಗಡದ ನೀಲವ್ವನವರ ಬಾಣಂತಿ ಮನೆಯನ್ನು ತೆರಿಗೆಯಿಂದ ಉಳಿಸಿದ ವಕೀಲ ಎಂದು ಈ ಭಾಗದ ಜನ ಇಂದಿಗೂ ನನ್ನನ್ನು ಕರೆಯುತ್ತಾರೆ. ಅದು ನಿಜವಲ್ಲ. ಆ ಮನೆಗೆ ಅಂಥ ಗಂಡಾಂತರವೇನೂ ಇರಲಿಲ್ಲ. ನಾನು ಏನೂ ಮಾಡದೆ ಸುಮ್ಮನಿದ್ದರೂ ಅದು ಉಳಿಯುತ್ತಿತ್ತು. ನಾನು ಮಾಡಿದ್ದು ಬೇರೆಯೇ ಒಂದು ಕೆಲಸ — ಅಲ್ಲಿ ನೇಯುತ್ತಿದ್ದ ಈರಪ್ಪಣ್ಣನವರನ್ನು ಮಗ್ಗದಿಂದ ಎಬ್ಬಿಸಿ ಊರು ಬಿಡಿಸಿದೆ. ಅದರ ಅಗತ್ಯವಿರಲಿಲ್ಲ ಎಂದು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಜನ ಹೊಗಳಿದರು, ಕೇಳುತ್ತ ಕುಳಿತೆ.

ಆಗ ನಮ್ಮ ಸೀಮೆ ಮುಂಬೈ ರಾಜ್ಯದಲ್ಲಿತ್ತು. ವಕೀಲಿ ಓದಿ ಬಂದ ನಾನು ಗಜೇಂದ್ರಗಡದ ಬಸ್ ನಿಲ್ದಾಣದ ಎದುರು, ಅರಳೆ ವ್ಯಾಪಾರಿಯೊಬ್ಬರ ಅಂಗಡಿಯ ಮೇಲಿನ ಕೋಣೆಯಲ್ಲಿ ಕಚೇರಿ ತೆರೆದಿದ್ದೆ. ರೋಣದ ಕೋರ್ಟಿನಲ್ಲಿ ಹಿರಿಯ ವಕೀಲರಿದ್ದರು. ಹೊಲದ ವ್ಯಾಜ್ಯ, ಪಾಲಿನ ವ್ಯಾಜ್ಯ ಎಲ್ಲ ಅವರಿಗೇ ಹೋಗುತ್ತಿದ್ದವು. ನನ್ನ ಕೈಗೆ ಸಿಕ್ಕಿದ್ದು ಯಾರಿಗೂ ಬೇಡವಾದ ಕೆಲಸ — ತೆರಿಗೆ. ಅದೇ ಹೊತ್ತಿಗೆ ಧರ್ಮಸಂಸ್ಥೆಗಳೆಲ್ಲ ಸರಕಾರದಲ್ಲಿ ನೋಂದಣಿ ಮಾಡಿಸಬೇಕೆಂಬ ಹೊಸ ಕಾಯಿದೆ ಬಂತು. ಧರ್ಮಶಾಲೆ ನಡೆಸುವವರು, ಅನ್ನಛತ್ರ ನಡೆಸುವವರು, ಅನಾಥ ಮಕ್ಕಳನ್ನು ಸಾಕುವವರು — ಎಲ್ಲರೂ ಗಾಬರಿಯಾದರು. ದಾನದ ಕೆಲಸಕ್ಕೂ ತೆರಿಗೆ ಬೀಳುತ್ತದೆಯೇ, ಯಾವುದಕ್ಕೆ ಬೀಳುತ್ತದೆ, ಯಾವುದಕ್ಕೆ ಇಲ್ಲ — ಇದನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವವರು ಸುತ್ತಮುತ್ತ ಇರಲಿಲ್ಲ. ನರಗುಂದದಿಂದ, ರೋಣದಿಂದ ಜನ ನನ್ನ ಮೆಟ್ಟಿಲು ಹತ್ತತೊಡಗಿದರು. ಇನ್ನೂ ಮೀಸೆ ದಟ್ಟವಾಗದ ವಯಸ್ಸು. ಹಿರಿಯರು ಎದ್ದು ನಿಂತು ಮಾತಾಡಿಸುವಾಗ... ಒಳಗೆ ಎಷ್ಟು ಹಿಗ್ಗುತ್ತಿದ್ದೆನೋ ನನಗೇ ಗೊತ್ತು.

ನೀಲವ್ವನವರು ಸೀರೆ ವ್ಯಾಪಾರಿಯೊಬ್ಬರ ವಿಧವೆ. ಮಕ್ಕಳಿರಲಿಲ್ಲ. ಗಂಡ ತೀರಿದ ಮೇಲೆ ಅಷ್ಟು ದೊಡ್ಡ ಮನೆಯನ್ನು ಸುತ್ತಲ ಹಳ್ಳಿಯ ಹೆಂಗಸರ ಹೆರಿಗೆಗೆಂದು ಬಿಟ್ಟುಕೊಟ್ಟರು. ಒಬ್ಬ ಸೂಲಗಿತ್ತಿ ಅಲ್ಲೇ ಇರುತ್ತಿದ್ದಳು. ಸಂತೆಯ ದಿನ ರೋಣದಿಂದ ಡಾಕ್ಟರು ಬರುತ್ತಿದ್ದರು. ಗಂಡ ಬಿಟ್ಟವರು, ಗಂಡ ಸತ್ತವರು, ಹೆತ್ತ ಮೇಲೆ ಹೋಗಲು ಮನೆಯಿಲ್ಲದವರು ಅಲ್ಲೇ ಉಳಿದುಕೊಂಡರು. ಆ ಹೆಂಗಸರು ಹಿಂಭಾಗದ ಪಡಸಾಲೆಯಲ್ಲಿ ಮಗ್ಗ ಹಾಕಿ ಸೀರೆ ನೇಯುತ್ತಿದ್ದರು. ಸೀರೆ ಮಾರಿ ಬಂದದ್ದರಲ್ಲಿ ಮನೆ ನಡೆಯುತ್ತಿತ್ತು.

ಅವರಿಗೆ ನೇಯ್ಗೆ ಕಲಿಸಿದವರು ಈರಪ್ಪಣ್ಣ. ಅವರ ಹೆಂಡತಿಯನ್ನು ಚೊಚ್ಚಲ ಹೆರಿಗೆಗೆ ಮುಶಿಗೇರಿಯಿಂದ ಗಜೇಂದ್ರಗಡಕ್ಕೆ ಚಕ್ಕಡಿಯಲ್ಲಿ ಕರೆತರುವಾಗ ತಾಯಿ, ಕೂಸು ಎರಡೂ ದಾರಿಯಲ್ಲೇ ಹೋಗಿಬಿಟ್ಟಿದ್ದವು. ಮತ್ತೆ ಅವರು ಮದುವೆಯಾಗಲಿಲ್ಲ. ಬಹಳ ವರ್ಷಗಳ ನಂತರ ನೀಲವ್ವನವರು ಮನೆ ತೆರೆದ ಸುದ್ದಿ ಕೇಳಿ ತಾವಾಗಿಯೇ ಬಂದು ಬಾಗಿಲಲ್ಲಿ ನಿಂತರಂತೆ. "ನನ್ನ ಕಡೆ ರೊಕ್ಕ ಇಲ್ರಿ ಅಕ್ಕಾರ. ಕೈ ಅದಾವು," ಎಂದರಂತೆ. ಊಟ ಮತ್ತು ಅಲ್ಪ ಕೂಲಿ — ಅಷ್ಟಕ್ಕೇ ಅವರು ಅಲ್ಲಿಯವರಾದರು. ಮಗ್ಗ ಹೂಡಿದವರು ಅವರೇ, ಹರಿದ ಎಳೆ ಕಟ್ಟಲು ಕಲಿಸಿದವರು ಅವರೇ.

ಅವರನ್ನು ನಾನು ಮೊದಲು ನೋಡಿದ್ದು ಬಸ್ಸಿನಲ್ಲಿ. ನನ್ನ ಹೆಂಡತಿ ಸುಶೀಲೆಯ ತವರು ನರಗುಂದ. ಎರಡನೆಯ ಬಸಿರಿನಲ್ಲಿ ಅವಳನ್ನು ಅಲ್ಲಿಂದ ಕರೆದುಕೊಂಡು ಬರುತ್ತಿದ್ದೆ. ದಿನ ಇನ್ನೂ ಇವೆ ಎಂದುಕೊಂಡಿದ್ದೆವು. ರೋಣ ದಾಟಿದ ಮೇಲೆ ನೋವು ಶುರುವಾಯಿತು. ನಾನು ಏನು ಮಾಡಬೇಕೆಂದು ತಿಳಿಯದೆ ಅವಳ ಕೈ ಹಿಡಿದು ಕುಳಿತೆ. ಹಿಂದಿನ ಸೀಟಿನಲ್ಲಿದ್ದ ಮನುಷ್ಯರೊಬ್ಬರು ಎದ್ದು ಡ್ರೈವರನ ಹತ್ತಿರ ಹೋದರು. "ನಡುವ ಎಲ್ಲೂ ನಿಲ್ಲಿಸಬ್ಯಾಡಪಾ. ಸೀದಾ ನೀಲವ್ವಕ್ಕನ ಮನಿ ಮುಂದ ನಿಲ್ಲಿಸು," ಎಂದರು. ತಮ್ಮ ಗಂಟಿನಿಂದ ಹೊಸ ಸೀರೆ ತೆಗೆದು ಹೆಂಗಸರ ಕೈಗೆ ಕೊಟ್ಟು ಸುಶೀಲೆಯ ಸುತ್ತ ಮರೆ ಹಿಡಿಸಿದರು. ಆಮೇಲೆ ನನ್ನ ಪಕ್ಕ ಬಂದು ಕೂತು ಊರು ಬರುವವರೆಗೂ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದರು. ಅಂಥ ದಾರಿಯಲ್ಲೇ ಅವರು ಏನನ್ನು ಕಳೆದುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. ನನ್ನ ಮಗಳು ಆ ಸಂಜೆ ನೀಲವ್ವನವರ ಮನೆಯಲ್ಲಿ ಹುಟ್ಟಿದಳು. ತಾಯಿ, ಮಗಳು ಇಬ್ಬರೂ ಉಳಿದರು.

ಇಂಥ ಮನುಷ್ಯನನ್ನು ನಾನು —

ಮಗಳಿಗೆ ವರ್ಷ ತುಂಬುವ ಹೊತ್ತಿಗೆ ಆದಾಯ ತೆರಿಗೆಯವರಿಂದ ನೀಲವ್ವನವರಿಗೆ ನೋಟಿಸು ಬಂತು. ಬಾಣಂತಿ ಮನೆ ಧರ್ಮದ ಕೆಲಸ, ಸರಿ. ಆದರೆ ಸೀರೆ ಮಾರುವುದು ವ್ಯಾಪಾರವಲ್ಲವೇ, ಅದರ ಲಾಭಕ್ಕೆ ತೆರಿಗೆ ಯಾಕೆ ಹಾಕಬಾರದು, ಬಂದು ಹೇಳಿ ಎಂದು. ನೀಲವ್ವನವರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಕಚೇರಿಗೆ ಬಂದರು. "ವಕೀಲ್ರ, ಇದನ್ನ ಕಟ್ಟಬೇಕಾದ್ರ ನಾ ಮನಿ ಮುಚ್ಚಬೇಕಾಗ್ತೈತ್ರಿ," ಎಂದರು.

ನಾನು ಕಾಯಿದೆ ತೆಗೆದು ಓದಿದೆ. ಧರ್ಮಸಂಸ್ಥೆ ನಡೆಸುವ ವ್ಯಾಪಾರಕ್ಕೂ ವಿನಾಯಿತಿ ಇತ್ತು — ಗಳಿಸಿದ್ದೆಲ್ಲ ಆ ಧರ್ಮಕ್ಕೇ ಹೋಗಬೇಕು, ಮತ್ತು ವ್ಯಾಪಾರದ ದುಡಿಮೆಯನ್ನು ಮುಖ್ಯವಾಗಿ ಆ ಸಂಸ್ಥೆಯ ಆಶ್ರಯದಲ್ಲಿ ಇರುವವರೇ ಮಾಡಬೇಕು. ಆಶ್ರಯದಲ್ಲಿದ್ದ ಹೆಂಗಸರೇ ನೇಯುತ್ತಿದ್ದರು. ಹೊರಗಿನಿಂದ ಬಂದು ಕೂಲಿ ತೆಗೆದುಕೊಳ್ಳುತ್ತಿದ್ದವರು ಈರಪ್ಪಣ್ಣ ಒಬ್ಬರೇ.

'ಮುಖ್ಯವಾಗಿ' ಎಂದಿತ್ತು. ಪೂರ್ತಿಯಾಗಿ ಎಂದಿರಲಿಲ್ಲ. ಅಷ್ಟು ಹೆಂಗಸರ ನಡುವೆ ಒಬ್ಬ ಗಂಡಸು ಕೂಲಿಗಿದ್ದರೆ ಏನೂ ಕೆಡುತ್ತಿರಲಿಲ್ಲ. ಆ ಶಬ್ದ ನನ್ನ ಕಣ್ಣಿಗೆ ಬೀಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಬಿದ್ದಿತ್ತು. ಆದರೆ 'ಮುಖ್ಯವಾಗಿ' ಎಂದರೆ ಎಷ್ಟು ಎಂದು ಅಧಿಕಾರಿ ಕೇಳಿದರೆ ನಾನು ವಾದ ಮಾಡಬೇಕಾಗುತ್ತಿತ್ತು. ದೊಡ್ಡ ಕಚೇರಿಯಲ್ಲಿ ಅದುವರೆಗೆ ನಾನು ವಾದ ಮಾಡಿರಲಿಲ್ಲ. ನಾಲಿಗೆ ತೊದಲೀತೆಂಬ ಭಯ. ಈರಪ್ಪಣ್ಣ ಇಲ್ಲದಿದ್ದರೆ ವಾದವೇ ಬೇಡ. ನನ್ನ ಅಂಜಿಕೆಯನ್ನು ಕಾಯಿದೆಯ ಮಾತೆಂದು ಹೇಳಿಬಿಟ್ಟೆ.

"ಹೊರಗಿನವರು ಮಗ್ಗದಾಗ ಇರಬಾರದ್ರಿ ಅವ್ವಾರ. ಕಾಯಿದೆ ಹಂಗ ಐತಿ," ಎಂದೆ.

ನೀಲವ್ವನವರಿಗೆ ಮೊದಲು ಅರ್ಥವಾಗಲಿಲ್ಲ. "ಈರಪ್ಪ ಹೊರಗಿನವ ಹ್ಯಾಂಗ ಆಗ್ತಾನ್ರಿ?" ಎಂದರು.

"ಕಾಯಿದೆಗೆ ಹೊರಗಿನವರೇ ಆಗ್ತಾರ್ರಿ. ಅವರು ಇರೋತನಕ ನಾ ಜವಾಬ್ದಾರಿ ತಗೊಳ್ಳಾಕ ಆಗೂದಿಲ್ಲ."

ಅವರು ನನ್ನ ಮುಖವನ್ನೇ ನೋಡುತ್ತ ಕುಳಿತರು. ನಾನು ಒಂದು ಮಾತು ಸಡಿಲಿಸಿದ್ದರೆ ಸಾಕಿತ್ತು — 'ಇಟ್ಟುಕೊಂಡೇ ನೋಡೋಣು' ಎಂದಿದ್ದರೆ ಅವರು ಎದ್ದು ಹೋಗಿ ಸಕ್ಕರೆ ಹಂಚುತ್ತಿದ್ದರು. ನಾನು ಪುಸ್ತಕ ಮುಚ್ಚಿದೆ. ಈ ಮಾತನ್ನು ಈರಪ್ಪಣ್ಣನಿಗೆ ನನ್ನ ಬಾಯಿಂದ ಹೇಳಲಾರೆ, ನೀವೇ ಹೇಳಿರಿ ಎಂದರು ನೀಲವ್ವನವರು. ಮರುದಿನ ಹೋದೆ.

ಈರಪ್ಪಣ್ಣ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ನಾನು ಹೇಳಿದ್ದನ್ನು ಲಾಳಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಜಗಳವಾಡಲಿಲ್ಲ, ಕಾರಣ ಕೆದಕಲಿಲ್ಲ. "ನಾ ಎದ್ರ ಮನಿ ಉಳೀತೈತೇನ್ರಿ ಸಾಹೇಬ್ರ?" ಎಂದು ಕೇಳಿದರು.

"ಉಳೀತೈತಿ," ಎಂದೆ.

"ಹಂಗಾರ ಏಳ್ತೀನ್ರಿ. ಈ ಸೀರಿ ಸೆರಗೊಂದು ಉಳದೈತಿ, ಅದನ್ನ ಮುಗಿಸಲ್ಯಾ?"

ಅದಕ್ಕೂ ನಾನು ಹೂಂ ಎನ್ನಲಿಲ್ಲ. ವಿಚಾರಣೆ ಹತ್ತಿರ ಬಂದಿದೆ, ಇಂದೇ ಬಿಟ್ಟರೆ ಒಳ್ಳೆಯದು ಎಂದೆ. ಅವರು ಲಾಳಿಯನ್ನು ಪಕ್ಕದ ಮಗ್ಗದ ಹೆಣ್ಣುಮಗಳ ಕೈಗೆ ಕೊಟ್ಟು ಕುಣಿಯಿಂದ ಮೇಲೆ ಬಂದರು. ಹೆಂಗಸರೆಲ್ಲ ನೇಯುವುದನ್ನು ನಿಲ್ಲಿಸಿದ್ದರು. ಊರಿನ ಬೇರೆ ಮಗ್ಗಗಳಲ್ಲಿ ಅವರ ವಯಸ್ಸಿನವರಿಗೆ ಜಾಗವಿರಲಿಲ್ಲ. ವಾರ ಕಳೆಯುವುದರೊಳಗೆ ದೂರದ ಸಂಬಂಧಿಯೊಬ್ಬನನ್ನು ನಂಬಿ ಸೋಲಾಪುರದ ಬಟ್ಟೆ ಗಿರಣಿಗೆ ಕೆಲಸಕ್ಕೆ ಹೋದರು.

ಹುಬ್ಬಳ್ಳಿಯಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ವಯಸ್ಸಾದವರು, ಸಮಾಧಾನದ ಮನುಷ್ಯ. ನಾನು ಉಸಿರು ಬಿಡದೆ ಒಪ್ಪಿಸಿದೆ — ಹೊರಗಿನ ನೇಕಾರರು ಯಾರೂ ಇಲ್ಲ, ಇದ್ದ ಒಬ್ಬರನ್ನೂ ಬಿಡಿಸಿದ್ದೇವೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅವರನ್ನ ಯಾಕ ಬಿಡಿಸಿದ್ರಿ? ಕಲಸಾಕ ಒಬ್ಬರು ಬೇಕಲ್ಲ. ಒಬ್ಬರು ಇದ್ರ ನಮ್ಮದೇನೂ ತಕರಾರು ಇರತಿರಲಿಲ್ಲ," ಎಂದರು.

ವಿನಾಯಿತಿ ಅಲ್ಲೇ ಸಿಕ್ಕಿತು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ನೀಲವ್ವನವರು ಅಂಗಳದಲ್ಲಿ ಕಾಯುತ್ತಿದ್ದರು. ಒಳಗಿನ ಮಾತು ಅವರಿಗೆ ಕೇಳಿರಲಿಲ್ಲ. ಏನಾಯಿತೆಂದು ಕಣ್ಣಲ್ಲೇ ಕೇಳಿದರು. "ಆತ್ರಿ ಅವ್ವಾರ, ಮನಿ ಉಳೀತು," ಎಂದೆ. ಅವರು ಅಲ್ಲೇ ಅತ್ತುಬಿಟ್ಟರು, ನನ್ನ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಗ ಇನ್ನೊಂದೇ ಮಾತು ಸೇರಿಸಿದ್ದರೆ... 'ಈರಪ್ಪಣ್ಣನನ್ನು ವಾಪಸು ಕರೆಸ್ರಿ' ಎಂಬಷ್ಟೇ ಮಾತು. ಅದನ್ನು ಹೇಳಿದರೆ, ಹಾಗಾದರೆ ಕಳಿಸಿದ್ದು ಯಾಕೆ ಎಂದು ಅವರು ಕೇಳುತ್ತಿದ್ದರು. ಸಲಹೆ ಕೊಡುವಾಗ ತಪ್ಪುವುದು ಎಲ್ಲರಿಗೂ ಇದ್ದದ್ದೇ. ನಾನು ಹೊತ್ತುಕೊಂಡ ಪಾಪ ಶುರುವಾದದ್ದು ಆ ಅಂಗಳದಲ್ಲಿ, ತಪ್ಪೆಂದು ತಿಳಿದು ಸುಮ್ಮನಾದ ಗಳಿಗೆಯಲ್ಲಿ.

ಊರಲ್ಲಿ ನನಗೆ ಶಾಲು ಹೊದಿಸಿದರು. ಕಚೇರಿಯ ಮೆಟ್ಟಿಲಲ್ಲಿ ಜನ ಇನ್ನೂ ಹೆಚ್ಚಾದರು. ನೀಲವ್ವನವರು ಪ್ರತಿ ಹಬ್ಬಕ್ಕೆ ನಮ್ಮ ಮನೆಗೆ ಹೋಳಿಗೆ ಕಳಿಸುತ್ತಿದ್ದರು. ನಾನು ಅದನ್ನು ಮುಟ್ಟುತ್ತಿರಲಿಲ್ಲ, ಸುಶೀಲೆ ಯಾಕೆಂದು ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ವರ್ಷಗಳು ಹೋದವು.

ಕೊನೆಗೂ ನನ್ನ ಬಾಯಿ ಬಿಡಿಸಿದವರು ನರಗುಂದದವರು. ಅಲ್ಲಿ ಅನಾಥ ಮಕ್ಕಳ ಮನೆಯೊಂದಿತ್ತು. ದೊಡ್ಡ ಹುಡುಗರು ಹಗ್ಗ ಹೊಸೆದು, ಚಾಪೆ ಹೆಣೆದು ಮಾರುತ್ತಿದ್ದರು. ಅದರ ಪಂಚರು ಒಂದು ದಿನ ಬಂದು ಖುಷಿಯಿಂದ ಹೇಳಿದರು: "ನೀಲವ್ವನವರ ಮನ್ಯಾಗ ನೀವು ಮಾಡಿಸಿದ್ರಲ್ರಿ, ಹಂಗ ನಾವೂ ಕೆಲಸ ಕಲಸೂ ಮಾಸ್ತರನ್ನ ಬಿಡಿಸಿಬಿಟ್ಟೇವ್ರಿ. ಅವಗ ಕಣ್ಣ ಮಂದ, ಭಾಳ ಬೇಡಿಕೊಂಡ. ಆದ್ರ ಕಾಯಿದೆ ಅಂದ ಮ್ಯಾಲೆ ಏನ ಮಾಡೂದು?"

ನಾನು ಹೇಳಿದ ಸುಳ್ಳು ನನ್ನನ್ನು ಕೇಳದೆ ಊರೂರು ತಿರುಗುತ್ತಿತ್ತು. ಆ ಮಾಸ್ತರರನ್ನು ಇಂದೇ ಹೋಗಿ ಕರೆತನ್ನಿ, ಒಬ್ಬ ಮಾಸ್ತರರಿದ್ದರೆ ತೆರಿಗೆ ಬೀಳುವುದಿಲ್ಲ ಎಂದೆ. ಅವರಲ್ಲೊಬ್ಬರು ಕೇಳಿದರು: "ಹಂಗಾರ ಈರಪ್ಪನ್ನ ಯಾಕ ಕಳಿಸಿದ್ರಿ?"

ಅವರು ಹೋದ ಮೇಲೆ ಕಚೇರಿಗೆ ಬೀಗ ಹಾಕಿ ನೇರ ನೀಲವ್ವನವರಲ್ಲಿಗೆ ಹೋದೆ. ಅವರು ಮುಂದಿನ ಕಟ್ಟೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅಧಿಕಾರಿಯ ಮಾತನ್ನೂ ಹೇಳಿದೆ. ಅವರು ಮೊರ ಕೆಳಗಿಟ್ಟರು. ಒಳಗಿನಿಂದ ಯಾರದೋ ಕೂಸು ಅಳುವುದು ಕೇಳುತ್ತಿತ್ತು.

"ಇದನ್ನ ನನ್ನ ಮುಂದ ಹೇಳಿ ಹಗುರಾಗಬ್ಯಾಡ್ರಿ ವಕೀಲ್ರ. ಅವನ ಮುಂದ ಹೇಳ್ರಿ," ಎಂದರು. ಎದ್ದು ಒಳಗೆ ಹೋಗಿ ದಾರಿಗೆಂದು ರೊಟ್ಟಿ ಕಟ್ಟಿ ತಂದರು. ಅಂಥ ಸಿಟ್ಟಿನಲ್ಲೂ ಬುತ್ತಿ ಕಟ್ಟಿಕೊಟ್ಟ ಆ ತಾಯಿಯನ್ನು ನೆನೆದರೆ ಈಗಲೂ —

ಹೊಳೆಆಲೂರಿಗೆ ಹೋಗಿ ರೈಲು ಹಿಡಿದೆ. ಸೋಲಾಪುರದಲ್ಲಿ ಕೇಳುತ್ತ ಕೇಳುತ್ತ ಗಿರಣಿ ಕೆಲಸಗಾರರು ಇರುವ ಸಾಲುಮನೆಗಳ ಚಾಳಿಗೆ ಹೋದೆ. ಈರಪ್ಪಣ್ಣ ಆಗತಾನೇ ಪಾಳಿ ಮುಗಿಸಿ ಬಂದು ಬಾಗಿಲ ಮುಂದೆ ಕುಳಿತಿದ್ದರು. ಇಳಿದುಹೋಗಿದ್ದರು, ಹುಬ್ಬಿನ ಕೂದಲಲ್ಲೂ ಹತ್ತಿಯ ಧೂಳು. ನನ್ನನ್ನು ಕಂಡು ಮುಖ ಅರಳಿತು. "ಬರ್ರಿ ಸಾಹೇಬ್ರ, ಬರ್ರಿ. ಕೂಸು ಹ್ಯಾಂಗ ಐತ್ರಿ?" ಎಂದರು. ನನ್ನ ಮಗಳ ಬಗ್ಗೆ ಕೇಳುತ್ತಿದ್ದರು.

ನಾನು ಅವರ ಪಕ್ಕ ಕುಳಿತು, ತಲೆ ತಗ್ಗಿಸಿ, ಮೆಲ್ಲಗೆ ಹೇಳತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನ ಮೊಳಕಾಲು ಮುಟ್ಟಿದರು.

"ಜೋರಾಗಿ ಹೇಳ್ರಿ. ಗಿರಣಿ ಸಪ್ಪಳಕ್ಕ ಕಿವಿ ಹ್ವಾದ್ವು. ಮೆತ್ತಗ ಅಂದ್ರ ಕೇಳೂದಿಲ್ಲ."

ಒಬ್ಬರ ಕಿವಿಯಲ್ಲಿ ಹೇಳಿ ಮುಗಿಸಬೇಕೆಂದು ಬಂದಿದ್ದ ಮಾತನ್ನು ನಾನು ಇಡೀ ಚಾಳಿಗೆ ಕೇಳುವಂತೆ ಕೂಗಿ ಹೇಳಬೇಕಾಯಿತು. ನಿಮ್ಮನ್ನ ಬಿಡಿಸಬೇಕಾಗಿರಲಿಲ್ಲ — ನಾ ಅಂಜಿ ಹಂಗ ಹೇಳಿದೆ — ಆಮ್ಯಾಲೆ ಗೊತ್ತಾತು — ಗೊತ್ತಾದ್ರೂ ಹೇಳಲಿಲ್ಲ. ಪ್ರತಿ ಮಾತನ್ನೂ ಎರಡೆರಡು ಸಲ. ನೆರೆಯವರು ಬಾಗಿಲಿಗೆ ಬಂದು ನಿಂತರು. ಆ ಹೊತ್ತು ನನಗೆ ನಾಚಿಕೆ ಎನಿಸಲಿಲ್ಲ. ಅವರಿಗೆ ಪೂರ್ತಿ ಕೇಳಿಸಿದರೆ ಸಾಕು ಎಂಬುದೊಂದೇ ಇತ್ತು.

ಕೇಳಿಸಿತು. ಅವರು ತಮ್ಮ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಕೇಳಿದ್ದು ಇಷ್ಟೇ:

"ಹಂಗಾರ ನಾ ಈಗ ಬರಬಹುದೇನ್ರಿ?"

ಮರುದಿನದ ರೈಲಿಗೆ ಹೊರಟೆವು. ಅವರ ಗಂಟನ್ನು ನಾನು ಹೊತ್ತೆ, ಅವರು ಬೇಡವೆನ್ನಲಿಲ್ಲ. ನೀಲವ್ವನವರು ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟರು. ಹೆಂಗಸರು ಅವರನ್ನು ಕೈಹಿಡಿದು ಒಳಗೆ ಕರೆದೊಯ್ದರು. ಮಗ್ಗದ ಕುಣಿಗೆ ಇಳಿದು ಕೂತಾಗ ಅವರ ಕಾಲು ಮೊದಮೊದಲು ತಪ್ಪಿತು, ಆಮೇಲೆ ದಾರಿ ಕಂಡುಕೊಂಡಿತು.

ಊರು ಏನೆಂದಿತು ಗೊತ್ತೇ? 'ನಮ್ಮ ವಕೀಲರು ಸೋಲಾಪುರದ ತನಕ ಹೋಗಿ ಈರಪ್ಪನ್ನೂ ತಿರುಗಿ ಕರಕೊಂಡು ಬಂದ್ರು' ಎಂದಿತು. ಹೊಗಳಿಕೆ ಎರಡು ಪಟ್ಟಾಯಿತು. ನೀಲವ್ವನವರು ಅದನ್ನು ಕೇಳಿ ನನ್ನ ಕಡೆ ಒಮ್ಮೆ ನೋಡಿದರು, ಯಾರಿಗೂ ಏನೂ ಹೇಳಲಿಲ್ಲ. ಈರಪ್ಪಣ್ಣನೂ ಹೇಳಲಿಲ್ಲ. ಹೇಳುವ ಭಾರ ನನ್ನದೆಂದು ನನಗೇ ಬಿಟ್ಟಿದ್ದರು. ನಾನು ಅವರ ಮೌನದ ನೆರಳಲ್ಲಿ ಇಷ್ಟು ವರ್ಷ ತಂಪಾಗಿ ಕುಳಿತೆ.

ಒಮ್ಮೆ, ಈರಪ್ಪಣ್ಣ ಬಂದು ಬಹಳ ದಿನಗಳಾದ ಮೇಲೆ, ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. ಇಲ್ಲ ಎನ್ನುತ್ತಾರೆಂದು ಒಳಗೊಳಗೆ ಆಸೆಯಿತ್ತು. ಅವರು ಯೋಚಿಸಿ ಹೇಳಿದರು.

"ಐತ್ರಿ. ಸೋಲಾಪುರದಾಗ ಇರಲಿಲ್ಲ, ಗೊತ್ತಿರಲಿಲ್ಲಲ್ಲ. ಇಲ್ಲಿ ಬಂದ ಮ್ಯಾಲೆ ಬಂತು. ಒಳಗ ಕೂಸು ಹುಟ್ಟತಾವು, ಹುಟ್ಟಿದ ಕೂಡ್ಲೆ ಅಳತಾವಲ್ಲ, ಅದು ನನಗ ಕೇಳವಲ್ದು. ಆವಾಗ ಸಿಟ್ಟು ಬರತೈತಿ." ಮತ್ತೆ ಸೇರಿಸಿದರು: "ಆದ್ರ ನೀವು ಬಂದ್ರಿ. ಬರಲಿಲ್ಲಂದ್ರ ಅಲ್ಲೇ ಸಾಯ್ತಿದ್ದೆ. ಎರಡೂ ಖರೇನ ಐತ್ರಿ."

ಕ್ಷಮಿಸಿದೆ ಎಂದು ಅವರು ಹೇಳಿದ್ದರೆ ನಾನು ಅದನ್ನು ಮಡಚಿಟ್ಟುಕೊಂಡು ಮರೆತುಬಿಡುತ್ತಿದ್ದೆನೋ ಏನೋ. ಅವರು ನನಗೆ ನಿಜವನ್ನು ಕೊಟ್ಟರು. ಅದಕ್ಕಾಗಿ ನಾನು ಅವರಿಗೆ ಎಷ್ಟು ಕೃತಜ್ಞನೋ ಹೇಳಲಾರೆ. ಆಮೇಲೆ ವಕೀಲಿ ಬಿಡುವವರೆಗೂ, ಯಾವ ಸಂಸ್ಥೆಯವರು ಬಂದರೂ, ನನಗೆ ಖಾತ್ರಿಯಿಲ್ಲದ್ದನ್ನು ಖಾತ್ರಿಯಿಲ್ಲ ಎಂದೇ ಹೇಳಿದೆ. ವಾದಿಸಬೇಕಾದ ಕಡೆ ತೊದಲುತ್ತಲೇ ವಾದಿಸಿದೆ. ಕೆಲವು ಸಲ ಸೋತೆ. ಅದರಿಂದ ಈರಪ್ಪಣ್ಣನ ಕಿವಿ ಮರಳಿ ಬರಲಿಲ್ಲ, ಗಿರಣಿಯಲ್ಲಿ ಸವೆದ ವರ್ಷಗಳೂ ಬರಲಿಲ್ಲ.

ನೀಲವ್ವನವರು, ಈರಪ್ಪಣ್ಣ ಇಬ್ಬರೂ ಈಗ ಇಲ್ಲ. ಅವರು ಇರುವಾಗಲೇ ಊರ ಮುಂದೆ ನಿಂತು ಹೇಳಬೇಕಿತ್ತು, ಹೇಳಲಿಲ್ಲ. ಇಂದು ಹೇಳುತ್ತಿದ್ದೇನೆ. ಇನ್ನು ಮೇಲೆ ಯಾರೂ ನನ್ನನ್ನು ಆ ಮನೆ ಉಳಿಸಿದ ವಕೀಲ ಎಂದು ಕರೆಯಬೇಡಿ. ಆ ಮನೆಯನ್ನು ಕಟ್ಟಿ ನಡೆಸಿದವರು ನೀಲವ್ವನವರು. ಅದು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡಿದವರು ಈರಪ್ಪಣ್ಣ. ನನ್ನ ಮಗಳು ಬದುಕಿರುವುದು ಅವರಿಬ್ಬರಿಂದ. ಋಣ ಇದ್ದದ್ದು ನನ್ನ ಮೇಲೆ. ಅವರ ಮೇಲೆ ನನ್ನ ಋಣ ಎಂದೂ ಇರಲಿಲ್ಲ.